ಬಲವಾದ ಡೆಕ್ ಅಲ್ಲ, ಹೊಂದುವ ಡೆಕ್

‘ಸ್ಟಾರ್ ವಾರ್ಸ್: ಇಂಪೀರಿಯಲ್ ಅಸಾಲ್ಟ್’ 2014ರಲ್ಲಿ ಬಂದ ಬೋರ್ಡ್ ಗೇಮ್. ಪುಟ್ಟ ಗೊಂಬೆಗಳನ್ನು ನಡೆಸುತ್ತಾ, ಮಿಷನ್ ನಂತರ ಮಿಷನ್ ಆಡುತ್ತಾ ಕಥೆ ಬೆಳೆಯುತ್ತದೆ. ಒಬ್ಬ ಸಾಮ್ರಾಜ್ಯದ ಪರ, ಉಳಿದ ಗೆಳೆಯರು ಬಂಡುಕೋರರ ಪರ. ಸಾಮ್ರಾಜ್ಯದ ಆಟಗಾರ ಶುರುವಿನಲ್ಲೇ ಒಂದು ಡೆಕ್ ಆರಿಸಬೇಕು; ಕೊನೆಯವರೆಗೂ ಅದೇ ಗತಿ.

ಮೂಲ ಪೆಟ್ಟಿಗೆಯಲ್ಲಿ ಮೂರು ಡೆಕ್‌ಗಳಿವೆ. ‘ಮಿಲಿಟರಿ ಮೈಟ್’ ಟ್ರೂಪರ್ ಗುಂಪಿಗೆ ಬಲ ಕೊಡುತ್ತದೆ. ‘ಟೆಕ್ನಲಾಜಿಕಲ್ ಸುಪೀರಿಯಾರಿಟಿ’ ಆಯ್ದ ಪಡೆಗಳಿಗೆ ಹೊಸ ಸಲಕರಣೆ ತೊಡಿಸುತ್ತದೆ. ‘ಸಬ್‌ವರ್ಸಿವ್ ಟ್ಯಾಕ್ಟಿಕ್ಸ್’ ಎದುರಾಳಿ ನಾಯಕರ ಮೇಲೆ ‘ಸ್ಟ್ರೇನ್’ ಹೇರಿ ಸುಸ್ತು ಮಾಡುತ್ತದೆ; ಸುಸ್ತು ಮಿತಿ ಮೀರಿದರೆ ಅದೇ ಗಾಯ.

‘ಯಾವುದು ಬೆಸ್ಟ್?’ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಆ ಪ್ರಶ್ನೆಯೇ ಸರಿಯಿಲ್ಲ ಎನ್ನುವುದು ನನ್ನ ವಾದ. ಟ್ರೂಪರ್‌ಗಳನ್ನು ಇಳಿಸುವ ಮನಸ್ಸಿಲ್ಲದವನ ಕೈಯಲ್ಲಿ ಮಿಲಿಟರಿ ಮೈಟ್ ಬರೀ ಕಾಗದ. ತಾಳ್ಮೆ ಇಲ್ಲದವನಿಗೆ ಸುಸ್ತು ಮಾಡುವ ಡೆಕ್ ಒಗ್ಗದು. ಡೆಕ್‌ನ ಕಾರ್ಡ್‌ಗಳನ್ನು ಅನುಭವದ ಅಂಕ ಕೊಟ್ಟು ಕೊಳ್ಳಬೇಕು. ಎಲ್ಲವನ್ನೂ ಕೊಳ್ಳುವಷ್ಟು ಅಂಕ ಸಿಗುವುದಿಲ್ಲ. ಹಾಗಾಗಿ ಮೊದಲು ಕೊಳ್ಳುವ ಕಾರ್ಡ್ ಯಾವುದು, ಅದನ್ನು ಬಳಸುವ ಪಡೆ ಯಾವುದು ಎಂದು ಮುಂಚೆಯೇ ಯೋಚಿಸಿ ಡೆಕ್ ಆರಿಸಬೇಕು.

ಬಿಇಯಲ್ಲಿ ಐಚ್ಛಿಕ ವಿಷಯ ಆರಿಸುವಾಗಲೂ ನಾವು ‘ಯಾವುದಕ್ಕೆ ಡಿಮ್ಯಾಂಡ್ ಇದೆ?’ ಎಂದು ಸೀನಿಯರ್‌ಗಳನ್ನು ಕೇಳುತ್ತೇವೆ. ಅದನ್ನು ನಾನು ಎಲ್ಲಿ ಬಳಸುತ್ತೇನೆ ಎಂದು ನಮ್ಮನ್ನೇ ಕೇಳಿಕೊಳ್ಳುವುದು ಅಪರೂಪ. ಆಟದಲ್ಲಿ ಡೆಕ್ ಹೊಂದದಿದ್ದರೆ ಮತ್ತೆ ಮೊದಲಿನಿಂದ ಆಡಬಹುದು. ಕಳೆದ ಸೆಮಿಸ್ಟರ್ ಮಾತ್ರ ಮರಳಿ ಬಾರದು.