ಗೃಹಕೃತ್ಯ: ಹೊಸ ಟೆಲಿವಿಷನ್ ಕೊಳ್ಳುವವರಿಗೆ

ದಸರೆ ದೀಪಾವಳಿಗಳು ಸಮೀಪಿಸಿದವೆಂದರೆ ಪತ್ರಿಕೆಗಳೆಲ್ಲ ಟೆಲಿವಿಷನ್ನುಗಳ ಜಾಹೀರಾತುಗಳಿಂದ ತುಂಬಿಹೋಗುವುವು. 1981ರಲ್ಲಿ ಬೆಂಗಳೂರಿನ ದೂರದರ್ಶನ ಕೇಂದ್ರವು ಆರಂಭವಾದಾಗ ಅದು ನಿಜವಾಗಿಯೂ ಪೆಟ್ಟಿಗೆಯೇ ಆಗಿದ್ದಿತು. ಈಗಿನದು ಗೋಡೆಗೆ ತಗುಲಿಸುವ ಹಲಗೆ. ಹಲಗೆಗಳೆಲ್ಲವೂ ಮೇಲ್ನೋಟಕ್ಕೆ ಒಂದೇ ಬಗೆಯಾಗಿ ತೋರುವುದರಿಂದ ಕೊಳ್ಳುವವರ ತೊಡಕು ಹೆಚ್ಚಿದೆ.

ಮೊದಲನೆಯದು ಅಳತೆಯ ವಿಷಯ. ಅಂಗಡಿಯವರು ಹೇಳುವ ಅಂಗುಲವು ತೆರೆಯ ಒಂದು ಮೂಲೆಯಿಂದ ಎದುರು ಮೂಲೆಗಿರುವ ಅಂತರವೇ ಹೊರತು ಅಗಲವಲ್ಲ. 43 ಅಂಗುಲದ ತೆರೆಯ ಅಗಲ ಸುಮಾರು ಮೂವತ್ತೇಳೂವರೆ ಅಂಗುಲ. 55 ಅಂಗುಲದ್ದು ನಾಲ್ಕು ಅಡಿ. ಹನ್ನೆರಡೇ ಅಂಗುಲದ ವ್ಯತ್ಯಾಸವೆಂದು ತೋರಿದರೂ ವಿಸ್ತೀರ್ಣವು ಒಂದೂವರೆ ಪಾಲಿಗೂ ಮೀರುವುದು. ಅಳತೆಯ ಒಂದೂವರೆ ಪಾಲು ದೂರದಲ್ಲಿ ಕುಳಿತರೆ ನೋಟ ಹಿತವಾಗಿರುವುದು. ಅಂದರೆ ಮೊದಲನೆಯದಕ್ಕೆ ಐದೂವರೆ ಅಡಿ, ಎರಡನೆಯದಕ್ಕೆ ಏಳು ಅಡಿ. ಹಳೆಯ ವೃತ್ತಪತ್ರಿಕೆಯನ್ನು ಆ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿ ಎರಡು ದಿನ ನೋಡಿರಿ. ಸಂಶಯವು ತಾನಾಗಿ ಪರಿಹಾರವಾಗುವುದು. 32 ಅಂಗುಲಕ್ಕೆ ಮೀರಿದವುಗಳ ಮೇಲೆ ಶೇಕಡಾ 28ರಷ್ಟಿದ್ದ ತೆರಿಗೆಯು 2025ನೆಯ ಇಸವಿಯ ಸೆಪ್ಟೆಂಬರ್ 22ರಿಂದ ಶೇಕಡಾ 18ಕ್ಕೆ ಇಳಿದಿರುವುದರಿಂದ, ಕೇವಲ ತೆರಿಗೆಗೆ ಅಂಜಿ ಚಿಕ್ಕದನ್ನು ತರಬೇಕಾದ ಕಾಲ ಹೋಯಿತು.

ತೆರೆಯ ಜಾತಿಯು ಇದಕ್ಕಿಂತಲೂ ಮುಖ್ಯವಾದುದು; ಇದನ್ನು ಕುರಿತು ವಿಚಾರಿಸುವವರೇ ವಿರಳ. ಎಲ್‌ಇಡಿ ಎಂದು ಮಾರುವುವುಗಳಲ್ಲಿ ಚಿತ್ರ ಮೂಡಿಸುವುದು ದ್ರವಸ್ಫಟಿಕದ ಪದರ. ದೀಪವು ಅದರ ಹಿಂದಿರುವುದು. ಇದರಲ್ಲಿಯೂ ಎರಡು ಬಗೆ. ವಿಎ ಎಂಬುದು ಎದುರಿಗೆ ಕುಳಿತವರಿಗೆ ಕಪ್ಪನ್ನು ಗಾಢವಾಗಿ ತೋರಿಸುವುದು, ಪಕ್ಕದಿಂದ ನೋಡಿದರೆ ಬಣ್ಣ ಮಾಸುವುದು. ಐಪಿಎಸ್ ಎಂಬುದರಲ್ಲಿ ಕಪ್ಪು ಅಷ್ಟು ಗಾಢವಲ್ಲದಿದ್ದರೂ ಪಕ್ಕದಲ್ಲಿರುವವರಿಗೂ ಚಿತ್ರ ಕೆಡದು. ನಮ್ಮ ಮನೆಗಳಲ್ಲಿ ಎಲ್ಲರೂ ಎದುರಿಗೇ ಕುಳಿತು ನೋಡುವರೆ? ಅಜ್ಜಿಯ ಮಂಚ ಗೋಡೆಯ ಬದಿಗೆ, ಸೊಸೆಯ ನೋಟ ಅಡಿಗೆಮನೆಯ ಬಾಗಿಲಿನಿಂದ. ದಿನದ ಬಹುಭಾಗ ಟೆಲಿವಿಷನ್ನಿನ ಮುಂದೆ ಕಳೆಯುವ ಅಜ್ಜಿಗೇ ಮಂಕಾದ ಚಿತ್ರ ದೊರೆಯುವುದಾದರೆ ಅಷ್ಟು ಹಣ ತೆತ್ತದ್ದು ಯಾರ ಸಲುವಾಗಿ? ಅಂಗಡಿಯಲ್ಲಿ ಪಕ್ಕಕ್ಕೆ ಸರಿದು ನಿಂತು, ಆಕೆ ಮಲಗುವ ಕೋನದಿಂದ ನೋಡತಕ್ಕದ್ದು. ಓಎಲ್‌ಇಡಿ ಎಂಬುದರಲ್ಲಿ ಒಂದೊಂದು ಬಿಂದುವೂ ತಾನೇ ಬೆಳಗುವುದು. ಚಿತ್ರ ಅತಿ ಸೊಗಸು, ಬೆಲೆಯೂ ಹಾಗೆಯೇ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಒಂದೇ ವಾರ್ತಾವಾಹಿನಿ ನಡೆಯುವ ಮನೆಯಲ್ಲಿ ಅದರ ಲಾಂಛನದ ಗುರುತು ಕಾಲಾಂತರದಲ್ಲಿ ತೆರೆಯ ಮೇಲೆ ಉಳಿಯುವ ಭಯವಿದೆ.

ಅಂಗಡಿಯಲ್ಲಿ ಓಡಿಸುವ ಹೂವು, ಜಲಪಾತಗಳ ಚಿತ್ರಕ್ಕೆ ಮರುಳಾಗಬಾರದು. ಅಲ್ಲಿ ಬೆಳಕನ್ನು ಬೇಕೆಂದೇ ಏರಿಸಿಟ್ಟಿರುವರು. ಮನೆಯಲ್ಲಿ ನೀವು ನೋಡುವ ವಾಹಿನಿಯನ್ನೇ ಹಾಕಿಸಿರಿ. ಆಗ ಧ್ವನಿಯ ಪರೀಕ್ಷೆಯೂ ಆಗುವುದು. ತೆಳುವಾದ ಹಲಗೆಯಲ್ಲಿ ಒಳ್ಳೆಯ ಸ್ಪೀಕರಿಗೆ ಎಡೆಯೆಲ್ಲಿ? ಅವು ಬಹುಶಃ ಕೆಳಗೋ ಹಿಂದಕ್ಕೋ ಮುಖಮಾಡಿರುವುವು. ಸಂಗೀತ ಕೇಳಿಸಿದರೂ ಮಾತು ಕಲಸಿಹೋಗುವುದು. ಕಿವಿ ಮಂದವಾದ ಹಿರಿಯರಿಗೆ ಇದು ದೊಡ್ಡ ಕೊರತೆ. ಧ್ವನಿ ಏರಿಸುತ್ತ ಹೋದರೆ ಓದುವ ಹುಡುಗರಿಗೆ ಉಪದ್ರವ. ಬ್ಲೂಟೂತ್ ಹೆಡ್‌ಫೋನನ್ನು ಜೋಡಿಸಬಹುದೇ, ಜೋಡಿಸಿದಾಗಲೂ ಉಳಿದವರಿಗೆ ಧ್ವನಿ ಕೇಳುವುದೇ ಎಂದು ಕೇಳಿ ತಿಳಿಯಿರಿ. ಕೆಲವು ಯಂತ್ರಗಳಲ್ಲಿ ಎರಡೂ ಒಟ್ಟಿಗೆ ಆಗದು.

ಹಣ ಸಲ್ಲಿಸುವ ಕ್ರಮ. ‘ಬಡ್ಡಿಯಿಲ್ಲದ ಕಂತು’ ಎಂಬ ಫಲಕವನ್ನು ಕಂಡೊಡನೆ ಸಹಿ ಹಾಕಬೇಡಿರಿ. ಶೂನ್ಯ ಬಡ್ಡಿಯೆಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದ್ದಿತು. ರೊಕ್ಕ ಕೊಟ್ಟರೆ ಎಷ್ಟು ಇಳಿಸುವಿರೆಂದು ಮೊದಲು ಕೇಳಿ, ಆ ಮೊತ್ತಕ್ಕೆ ಸಂಸ್ಕರಣಾ ಶುಲ್ಕವನ್ನು ಕೂಡಿಸಿದರೆ ಮರೆಯಲ್ಲಿರುವ ಬಡ್ಡಿ ಕಾಣಿಸುವುದು. ನಕ್ಷತ್ರಗಳ ಚೀಟಿಯಲ್ಲಿ ವರ್ಷದ ವಿದ್ಯುತ್ತಿನ ಖರ್ಚು ಯೂನಿಟ್ಟುಗಳಲ್ಲಿ ಬರೆದಿರುತ್ತದೆ, ಅದನ್ನೂ ಓದಿಕೊಳ್ಳಿರಿ.

ಪೆಟ್ಟಿಗೆಯನ್ನು ತಂದವರ ಎದುರಿನಲ್ಲಿಯೇ ಬಿಚ್ಚಿಸಿ, ತೆರೆ ಬೆಳಗಿದುದನ್ನು ನೋಡಿದ ಬಳಿಕವೇ ಸಹಿ ಮಾಡತಕ್ಕದ್ದು. ಅಟ್ಟದ ಮೇಲೆ ಹಳೆಯ ಕೊಳವೆಯ ಟೆಲಿವಿಷನ್ ಇದ್ದರೆ ಅದನ್ನು ಒಡೆಯುವ ಗುಜರಿಯವರಿಗೆ ಹಾಕಬೇಡಿರಿ. ಅದರ ಗಾಜಿನಲ್ಲಿ ಸೀಸವಿರುವುದು. ಅಧಿಕೃತ ಇ-ತ್ಯಾಜ್ಯ ಸಂಗ್ರಹಗಾರರಿಗೆ ಒಪ್ಪಿಸಿ ರಸೀತಿ ಪಡೆಯಿರಿ.