ಎಲೆಯಡಿಯ ಮಿತ್ರನನ್ನು ಕೊಲ್ಲಬೇಡಿ

ಬೇಸಿಗೆ ಬಂತೆಂದರೆ ಅಡಿಕೆ ಸಸಿಗಳ ಎಲೆಯಡಿಯಲ್ಲಿ ಕೆಂಪು, ಬಿಳಿ ನುಸಿಗಳು ಮುತ್ತಿ ಎಲೆ ಹಳದಿಗೆ ತಿರುಗುವುದನ್ನು ನಮ್ಮ ಕೃಷಿಕರೆಲ್ಲ ಬಲ್ಲರು. ಕಂಡೊಡನೆ ಪೇಟೆಯಿಂದ ಯಾವುದಾದರೊಂದು ವಿಷ ತಂದು ಸಿಂಪಡಿಸುವವರೂ ಇದ್ದಾರೆ. ಇದು ನಷ್ಟದ ಹಾದಿ ಎಂಬುದು ನಮ್ಮ ಅಭಿಪ್ರಾಯ.

ನುಸಿಗಳೆಲ್ಲವೂ ವೈರಿಗಳಲ್ಲ. ಫೈಟೋಸೀಯಿಡ್ ಕುಟುಂಬದ ನುಸಿಗಳು ರಸ ಹೀರುವ ನುಸಿಗಳನ್ನೂ ಅವುಗಳ ಮೊಟ್ಟೆಗಳನ್ನೂ ತಿಂದು ಬದುಕುತ್ತವೆ. 1998ರಲ್ಲಿ ಎರ್ನಾಕುಳಂ ಜಿಲ್ಲೆಯಲ್ಲಿ ಪತ್ತೆಯಾದ ತೆಂಗಿನ ನುಸಿ, ಸಿಂಪಡಿಸಿದ ಮದ್ದು ಸುಲಭವಾಗಿ ತಲಪದ ಎಳೆಗಾಯಿಯ ತೊಟ್ಟಿನಡಿಯಲ್ಲಿ ಅಡಗುತ್ತದೆ. ಅಲ್ಲಿಗೂ ನುಗ್ಗಿ ಅದನ್ನು ತಿನ್ನುವ ನಿಯೋಸೀಯುಲಸ್ ಬರಾಕಿ ಎಂಬ ಮಿತ್ರ ನುಸಿಯಿದೆ.

ವಿಷ ಬಿದ್ದಾಗ ಶತ್ರು, ಮಿತ್ರ ಎರಡೂ ಸಾಯುತ್ತವೆ. ಅಳಿದುಳಿದ ಶತ್ರುವಿಗೆ ತಿನ್ನಲು ತೋಟವೇ ಇದೆ. ಮಿತ್ರನಿಗಾದರೋ ಆಹಾರವೇ ಇಲ್ಲ. ಕೆಲವೇ ವಾರಗಳಲ್ಲಿ ಶತ್ರು ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ, ಕ್ರಮೇಣ ವಿಷವನ್ನು ಸಹಿಸಲೂ ಕಲಿಯುತ್ತದೆ. ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದ ಸೇಬಿನ ತೋಟಗಳಲ್ಲಿ ಡಿಡಿಟಿ ಬಳಕೆಗೆ ಬಂದಾಗ ಆದದ್ದು ಇದೇ. ಅದುವರೆಗೆ ಅಲ್ಪವೆನಿಸಿದ್ದ ನುಸಿ ದೊಡ್ಡ ಪೀಡೆಯಾಯಿತು. 1960ರ ದಶಕದಲ್ಲಿ ವಾಷಿಂಗ್ಟನ್ ರಾಜ್ಯದ ವಿಜ್ಞಾನಿ ಸ್ಟ್ಯಾನ್ಲಿ ಹೊಯ್ಟ್, ವಿಷವನ್ನು ಆರಿಸಿ, ಮಿತವಾಗಿ ಬಳಸಿದರೆ ಪರಭಕ್ಷಕ ನುಸಿಗಳೇ ಈ ಪೀಡೆಯನ್ನು ಹತೋಟಿಯಲ್ಲಿಡುತ್ತವೆಂದು ತೋರಿಸಿದರು.

ಡಬ್ಬಿಯ ಮೇಲಿನ ಹಸುರು ತ್ರಿಕೋನವನ್ನು ಕಂಡು ಧೈರ್ಯ ತಾಳುವಂತಿಲ್ಲ. ಕೆಂಪು, ಹಳದಿ, ನೀಲಿ, ಹಸುರು ಗುರುತುಗಳು ವಿಷವು ಮನುಷ್ಯನಿಗೆ ಎಷ್ಟು ಅಪಾಯಕಾರಿ ಎಂಬುದನ್ನು ಸೂಚಿಸುತ್ತವೆಯೇ ಹೊರತು ಮಿತ್ರ ನುಸಿಯ ಗತಿಯನ್ನಲ್ಲ. ಸಿಂಥೆಟಿಕ್ ಪೈರೆಥ್ರಾಯಿಡ್‌ಗಳು, ಕಾರ್ಬರಿಲ್ ಮೊದಲಾದವು ಇವಕ್ಕೆ ಮಾರಕ.

ಇಲ್ಲಿ ಭಾಷೆಯ ಪ್ರಶ್ನೆಯೂ ಇದೆ. ಕೀಟನಾಶಕದ ಲೇಬಲು ಮತ್ತು ಕರಪತ್ರ ಹಿಂದಿ, ಇಂಗ್ಲಿಷ್ ಅಲ್ಲದೆ ಮಾರಾಟದ ಪ್ರದೇಶದಲ್ಲಿ ಬಳಕೆಯಲ್ಲಿರುವ ಒಂದೆರಡು ಪ್ರಾದೇಶಿಕ ಭಾಷೆಗಳಲ್ಲಿಯೂ ಇರಬೇಕೆಂದು 1971ರ ಕೀಟನಾಶಕ ನಿಯಮಗಳು ಹೇಳಿವೆ. ಮಂಜೇಶ್ವರ, ಕುಂಬಳೆ, ಬದಿಯಡ್ಕಗಳಲ್ಲಿ ಆ ಭಾಷೆಗಳಲ್ಲೊಂದು ಕನ್ನಡ. ಓದಲು ಬಾರದ ಚೀಟಿಯನ್ನು ನಂಬಿ ವಿಷ ಕಲಸುವುದು ಕೃಷಿಕನ ಹಣೆಬರಹವಾಗಬಾರದು. ಎಂಡೋಸಲ್ಫಾನಿನ ನೋವುಂಡ ಜಿಲ್ಲೆಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಆದುದರಿಂದ ಕನ್ನಡ ಕರಪತ್ರವನ್ನು ಅಂಗಡಿಯಲ್ಲಿ ಕೇಳೋಣ. ಯಾವ ಮದ್ದು ಮಿತ್ರ ನುಸಿಗೆ ಹಾನಿಕರ ಎಂಬ ಪಟ್ಟಿಯನ್ನು ಕೃಷಿ ಭವನಗಳು ಕನ್ನಡದಲ್ಲಿ ಪ್ರಕಟಿಸಲಿ. ಅದಕ್ಕೆ ಬೇಕಾದ ತಿಳಿವಳಿಕೆ ಕಾಸರಗೋಡಿನಲ್ಲೇ ಇರುವ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ದೊರೆತೀತು. ಕೃಷಿಕರೂ ಪಂಪು ಹೊರುವ ಮೊದಲು ಒಂದು ಭೂತಗನ್ನಡಿ ಹಿಡಿದು ಎಲೆ ಮಗುಚಿ ನೋಡಲಿ. ನುಸಿಗಳ ನಡುವೆ ಚುರುಕಾಗಿ ಓಡಾಡುವ, ಹೊಳಪು ಮೈಯ ಜೀವಿ ಕಂಡರೆ ಕೆಲವು ದಿನ ತಡೆಯಲಿ. ಸಂಬಳವಿಲ್ಲದೆ ದುಡಿಯುವ ಆಳನ್ನು ದುಡ್ಡು ಕೊಟ್ಟು ಕೊಲ್ಲುವುದು ಜಾಣತನವಲ್ಲ.