ಕೌದಿಯ ಕೂಲಿ

“ಮನೇಲೇ ಮಾಡಿದ್ದು” ಎಂಬ ಮಾತು ತಿನ್ನುವಾಗ ಹೊಗಳಿಕೆ, ಕೊಳ್ಳುವಾಗ ಚೌಕಾಸಿ. ಶಿವಮೊಗ್ಗದ ದುರ್ಗಿಗುಡಿಯಲ್ಲೋ ಗಾಂಧಿ ಬಜಾರಿನಲ್ಲೋ ಬಿಸ್ಕತ್ತಿನ ಪ್ಯಾಕೆಟ್ಟಿನ ಮೇಲೆ ಅಚ್ಚಾದ ಬೆಲೆಯನ್ನು ಮರುಮಾತಿಲ್ಲದೆ ತೆತ್ತು ಬರುವವರೇ, ಸ್ವಸಹಾಯ ಸಂಘದ ಹೆಂಗಸರ ಮಳಿಗೆ ಮುಂದೆ ನಿಂತರೆ “ಮನೇಲೇ ಮಾಡಿದ್ದಲ್ವೇನ್ರೀ, ನಿಮಗೇನು ಅಂಗಡಿ ಬಾಡಿಗೆಯೇ, ಆಳಿನ ಸಂಬಳವೇ? ಸ್ವಲ್ಪ ನೋಡಿ ಹೇಳಿ” ಎನ್ನುತ್ತಾರೆ. ಕೌದಿಯಾದರಂತೂ ಮಾತು ಇನ್ನೂ ನೇರ: “ಹಳೇ ಸೀರೆ ತಾನೇ?” ಮಾರುವಾಕೆ ಮುಜುಗರದಿಂದ ನಕ್ಕು ಐವತ್ತೋ ನೂರೋ ಇಳಿಸುತ್ತಾಳೆ. ಆ ಹಣ ಯಾರ ಗಂಟು? ಸಕ್ಕರೆ ಅಂಗಡಿಯವರು ಬಿಟ್ಟುಕೊಟ್ಟದ್ದಲ್ಲ, ಗ್ಯಾಸ್ ಏಜೆನ್ಸಿಯವರು ಬಿಟ್ಟುಕೊಟ್ಟದ್ದಲ್ಲ. ಅದು ಅವಳ ಕೂಲಿಯಿಂದಲೇ ಮುರಿದದ್ದು. ಅಕ್ಕಿ, ಬೆಲ್ಲ, ದಾರಕ್ಕೆಲ್ಲ ಬೆಲೆಯಿದ್ದು, ಅವನ್ನು ವಸ್ತುವಾಗಿಸಿದ ಕೈಗೆ ಮಾತ್ರ ಇಲ್ಲ ಎಂಬ ಲೆಕ್ಕವನ್ನು ನಾನು ಒಪ್ಪಲಾರೆ.

ಈ ಮಾತನ್ನು ಭದ್ರಾವತಿಯ ಕಡೆ ಮುಖ ಮಾಡಿ ಹೇಳಲು ಕಾರಣವಿದೆ. ನಮ್ಮ ಸೀಮೆಗೆ ದುಡಿಮೆಯನ್ನು ಗಂಟೆಯಲ್ಲಿ ಅಳೆಯುವುದನ್ನು ಕಲಿಸಿದ ಊರು ಅದು. 1923ರಲ್ಲಿ ಕಬ್ಬಿಣ ತೆಗೆಯಲು ಶುರುಮಾಡಿದ ಕಾರ್ಖಾನೆ, 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ, ಇವೆರಡರ ಪಾಳಿಗೆ ತಕ್ಕಂತೆ ಊರು ಏಳುತ್ತಿತ್ತು, ಉಣ್ಣುತ್ತಿತ್ತು, ಮಲಗುತ್ತಿತ್ತು. ರಾತ್ರಿ ಪಾಳಿಗೆ ಲೆಕ್ಕವಿತ್ತು, ಓವರ್‌ಟೈಮಿಗೆ ಲೆಕ್ಕವಿತ್ತು, ವಾರದ ರಜೆಗೂ ಲೆಕ್ಕವಿತ್ತು. ಕಾರ್ಮಿಕರು ಸಂಘ ಕಟ್ಟಿ ಅದನ್ನು ಕಾಯ್ದುಕೊಂಡರು. ಅದು ನ್ಯಾಯವೂ ಹೌದು. ಆದರೆ ನ್ಯೂಟೌನ್, ಪೇಪರ್ ಟೌನ್ ಕ್ವಾರ್ಟರ್ಸ್‌ಗಳ ಒಳಗೆ, ಪಾಳಿ ಮುಗಿಸಿ ಬಂದ ಗಂಡನಿಗೆ ತಿಂಡಿ ಕೊಟ್ಟು, ಮಕ್ಕಳ ಡಬ್ಬಿ ಕಟ್ಟಿ, ಮಧ್ಯಾಹ್ನ ಹಪ್ಪಳ ಲಟ್ಟಿಸಿ, ಸಂಜೆ ಬಾಗಿಲ ತೋರಣಕ್ಕೆ ಮಣಿ ಪೋಣಿಸಿದ ಕೈಗೆ ಹಾಜರಿ ಪುಸ್ತಕವೇ ಇರಲಿಲ್ಲ. ಒಂದೇ ಸೂರಿನಡಿ ಒಬ್ಬರ ಗಂಟೆಗೆ ಸಂಬಳ, ಇನ್ನೊಬ್ಬರ ಗಂಟೆಗೆ ಪ್ರೀತಿ ಎಂಬ ಹೆಸರು.

ಇದು ಒಂದೂರಿನ ಕಥೆಯಲ್ಲ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು 97 ನಿಮಿಷ. ಸುಮಾರು ಐದು ಗಂಟೆ ಬಿಟ್ಟಿಯಾಗಿ ದುಡಿದು ರೂಢಿಯಾದ ಮನೆಯಲ್ಲಿ, ಆರನೆಯ ಗಂಟೆಯ ದುಡಿಮೆಯನ್ನು ಮಾರಾಟಕ್ಕೆ ಇಟ್ಟಾಗಲೂ ಅದಕ್ಕೆ ಬೆಲೆ ಹೇಳಲು ನಾಲಿಗೆ ಹಿಂಜರಿಯುತ್ತದೆ. ಇತ್ತ ಭದ್ರಾವತಿಯಲ್ಲಿ ಕಾಗದ ಕಾರ್ಖಾನೆಯ ಯಂತ್ರಗಳು ನಿಂತಿವೆ. ಉಕ್ಕಿನ ಕಾರ್ಖಾನೆ ಉಳಿಯುತ್ತದೋ ಮುಚ್ಚುತ್ತದೋ ಎಂಬ ಚರ್ಚೆಯೂ ವರ್ಷಗಟ್ಟಲೆ ಎಳೆದಾಡಿತು. ಅಂಥ ಊರಿನಲ್ಲಿ ಉಪ್ಪಿನಕಾಯಿ, ಚಕ್ಕುಲಿ, ಕೇಕು, ಹೊಲಿಗೆ ಹವ್ಯಾಸವಾಗಿ ಉಳಿಯುವುದಿಲ್ಲ. ಅದೇ ಮನೆಯ ದಿನಸಿ ಬಿಲ್ಲು.

ಕೌದಿಯನ್ನೇ ಹತ್ತಿರದಿಂದ ನೋಡೋಣ. ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆ, ಪಂಚೆಗಳನ್ನು ಒಗೆದು ಒಣಗಿಸಿ, ಪಿಸಿದ ಭಾಗ ಕತ್ತರಿಸಿ ತೆಗೆಯಬೇಕು. ಉಳಿದದ್ದನ್ನು ನೆಲದ ಮೇಲೆ ಪದರ ಪದರವಾಗಿ, ಒಂದೂ ನಿರಿಗೆ ಬಾರದಂತೆ ಹಾಸಬೇಕು. ಮೇಲೆ ತುಂಡು ಬಟ್ಟೆಗಳ ಜೋಡಣೆ. ಕೆಂಪಿನ ಪಕ್ಕ ಯಾವುದು, ಹೂವಿನ ಸೀರೆಯ ಪಕ್ಕ ಯಾವುದು ಎಂದು ಇಟ್ಟು ನೋಡಿ, ತೆಗೆದು ನೋಡಿ. ಆಮೇಲೆ ಅಂಚಿನಿಂದ ಹೊರಟ ಹೊಲಿಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ಸಾಲು ಸಾಲಿನ ನಡುವೆ ಒಂದು ಬೆರಳಿನ ಅಂತರವೂ ಹೆಚ್ಚೇ. ನಾಲ್ಕು ಪದರ ದಾಟಿಸುವ ಸೂಜಿಗೆ ಬೆರಳ ತುದಿ ಒರಟಾಗುತ್ತದೆ, ಕುತ್ತಿಗೆ ಹಿಡಿಯುತ್ತದೆ. ಬಿಡುವಿನ ಮಧ್ಯಾಹ್ನಗಳಲ್ಲಿ ಕೂತು ಹೊಲಿದರೆ ವಾರಗಟ್ಟಲೆ ಬೇಕು. “ಹಳೇ ಸೀರೆ ತಾನೇ?” ಎಂದು ಕೇಳುವವರು ಸೀರೆಗೆ ಬೆಲೆ ಕಟ್ಟುತ್ತಿದ್ದಾರೆ, ಅವಳು ಮಾರುತ್ತಿರುವುದು ಹೊಲಿಗೆಯನ್ನು.

ಸಿಹಿಯ ಕಥೆಯೂ ಬೇರೆಯಲ್ಲ. ಕೇಕು, ಬನ್ನು ನಮ್ಮ ಕಡೆ ಬಹುಕಾಲ ಅಯ್ಯಂಗಾರ್ ಬೇಕರಿಯ ಸರಕು. ಮನೆಯಲ್ಲಿ ಕೇಕ್ ಬಂದದ್ದು ಗ್ಯಾಸ್ಕೆಟ್, ವಿಷಲ್ ತೆಗೆದ ಕುಕ್ಕರಿನ ತಳಕ್ಕೆ ಉಪ್ಪು ಹರಡಿ ಬೇಯಿಸುವ ಉಪಾಯದಿಂದ. 2020ರ ಲಾಕ್‌ಡೌನ್‌ನಲ್ಲಿ ಬೇಕರಿ ಬಾಗಿಲು ಹಾಕಿದಾಗ ಎಷ್ಟೋ ಅಡುಗೆಮನೆಗಳಲ್ಲಿ ಅದು ಕೈಗೂಡಿ, ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಆರ್ಡರ್ ಹಿಡಿಯುವ ಮಟ್ಟಕ್ಕೆ ಬೆಳೆಯಿತು. ಆದರೆ ಬೆಂಕಿಯ ಮೇಲೆ ಬೇಯಿಸುವ ಸಿಹಿ ನಮಗೆ ಹೊಸದಲ್ಲ. ಸಾಗರ, ಹೊಸನಗರದಿಂದ ಬಂದು ಶಿವಮೊಗ್ಗದಲ್ಲಿ ನೆಲೆನಿಂತ ಮನೆಗಳಲ್ಲಿ ತೊಡೆದೇವು ಮಾಡುವುದನ್ನು ಕಂಡವರಿಗೆ ಇದು ಗೊತ್ತು. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ ಕಬ್ಬಿನ ಹಾಲಿನಲ್ಲಿ ನೀರಾಗಿ ಕಲಸುತ್ತಾರೆ. ಒಲೆಯ ಮೇಲೆ ಬೋರಲು ಹಾಕಿದ ಮಡಕೆಯ ಬೆನ್ನಿಗೆ, ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಒಂದೇ ಎಳೆತಕ್ಕೆ ಬಳಿಯುತ್ತಾರೆ. ಕಾವು ಹೆಚ್ಚಾದರೆ ಸುಟ್ಟಿತು, ಕಡಿಮೆಯಾದರೆ ಏಳದು. ಎದ್ದ ಕೂಡಲೇ ತುಪ್ಪ ಸವರಿ ಮಡಿಸದಿದ್ದರೆ ಗರಿಗರಿಯಾಗಿ ಮುರಿಯಿತು. ಕಾಗದದಷ್ಟು ತೆಳ್ಳಗಿನ ಆ ಹಾಳೆಯನ್ನು ಕೈಯಲ್ಲಿ ಹಿಡಿದಾಗ ತೂಕವೇ ಇರುವುದಿಲ್ಲ. ಹಾಗಾಗಿ ತೂಕಕ್ಕೆ ದರ ಕೇಳುವ ಗಿರಾಕಿಗೆ ಅದು ದುಬಾರಿ ಎನಿಸುತ್ತದೆ. ಒಲೆಯ ಮುಂದೆ ಕೂತವಳ ಬೆವರಿಗೂ ಮಡಕೆ ಪಳಗಲು ಹಿಡಿಯುವ ವರ್ಷಗಳಿಗೂ ತಕ್ಕಡಿಯಲ್ಲಿ ಜಾಗವಿಲ್ಲ.

“ಎಲ್ಲಕ್ಕೂ ಬೆಲೆ ಹಚ್ಚಿದರೆ ಪ್ರೀತಿ ಎಲ್ಲಿ ಉಳಿಯಿತು?” ಎನ್ನುವವರಿದ್ದಾರೆ. ಆ ಆತಂಕ ನನಗೂ ಇದೆ. ಬೆಲೆ ಹಚ್ಚಬಾರದ ವಸ್ತುಗಳು ಖಂಡಿತ ಇವೆ. ಈ ಜಿಲ್ಲೆಯ ದೀವರ ಹೆಣ್ಣುಮಕ್ಕಳು ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಬಿಳಿ ಗೆರೆಯ ಚಿತ್ತಾರ ಎಳೆಯುತ್ತಾರೆ. ಆ ಭೂಮಣ್ಣಿ ಬುಟ್ಟಿಯಲ್ಲಿ ಎಡೆ ಹೊತ್ತು ಗದ್ದೆಗೆ ಹೋಗುತ್ತಾರೆ. ಬಸುರಿ ಹೊಲಕ್ಕೆ ಬಡಿಸುವ ಬುಟ್ಟಿ ಅದು. ಅದಕ್ಕೆ ದರ ಕೇಳುವುದೇ ತಪ್ಪು. ಹೆತ್ತ ಮಗಳ ಬಾಣಂತನಕ್ಕೆ ಅಜ್ಜಿ ಹೊಲಿದ ಕೌದಿಗೂ ದರವಿಲ್ಲ. ಆದರೆ ಕೊಡುಗೆ ಕೊಡುವವರ ಇಷ್ಟ. ಪಡೆಯುವವರು ಅದನ್ನು ಹಕ್ಕಿನಂತೆ ಕೇಳಬಾರದು. ಅದೇ ಚಿತ್ತಾರದ ಗೆರೆ ಮಾರಾಟದ ಬುಟ್ಟಿಗೆ, ಹೋಟೆಲಿನ ಗೋಡೆಗೆ ಬಂದಾಗ ಕುಂಚ ಹಿಡಿದವಳಿಗೆ ಪೂರ್ತಿ ಕೂಲಿ ಸಲ್ಲಬೇಕು. ಕೊಡುಗೆಯ ಮೃದುವಾದ ಭಾಷೆಯನ್ನು ವ್ಯಾಪಾರದ ಹೊತ್ತಿಗೆ ತಂದು ಬೆಲೆ ಇಳಿಸುವುದು ಪ್ರೀತಿಗೂ ಅವಮಾನ, ದುಡಿಮೆಗೂ ಅವಮಾನ.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ಪೂರ್ತಿ ಕೂಲಿ ಸೇರಿಸಿದರೆ ಕೈಯ ಕೆಲಸ ಸಿರಿವಂತರ ಶೋಕಿಯಾಗುತ್ತದೆ, ಸಾಮಾನ್ಯರ ಮನೆಗೆ ಅಗ್ಗದ ಪ್ಯಾಕೆಟ್ಟೇ ಗತಿ ಎಂಬುದು. ನಿಜ, ಬೆಲೆ ಏರುತ್ತದೆ. ಅಗ್ಗದ ಯಂತ್ರದ ಸರಕು ಹೆಂಗಸರ ರಟ್ಟೆಯನ್ನು ಉಳಿಸಿದ್ದೂ ನಿಜ. ಮಿಕ್ಸಿ, ಗ್ರೈಂಡರ್ ಬೇಡ, ಒರಳಿಗೆ ಮರಳೋಣ ಎನ್ನುವ ಹಂಬಲ ನನಗಿಲ್ಲ. ಆದರೆ ಅಗ್ಗವಾಗಿಸುವ ಹೊಣೆ ಹೊಲಿಯುವವಳ ತಲೆಯ ಮೇಲೆಯೇ ಏಕೆ? ಇದೇ ಜಿಲ್ಲೆಯ ಹೆಗ್ಗೋಡಿನಲ್ಲಿ ಹೆಂಗಸರ ಕೈಮಗ್ಗ ಸಹಕಾರ ಸಂಘ ‘ಚರಕ’ವನ್ನು ಕಟ್ಟಿದ ರಂಗಕರ್ಮಿ ಪ್ರಸನ್ನ, 2017ರಲ್ಲಿ ಜಿಎಸ್‌ಟಿ ಬಂದಾಗ ಕೈಯಿಂದ ತಯಾರಾದ ವಸ್ತುಗಳಿಗೆ ತೆರಿಗೆಯೇ ಬೇಡ ಎಂದು ಸತ್ಯಾಗ್ರಹಕ್ಕೆ ಕೂತರು. ಆ ಬೇಡಿಕೆಯ ದಿಕ್ಕು ಸರಿ. ಬೆಲೆ ಇಳಿಯಬೇಕಾದರೆ ತೆರಿಗೆ ಇಳಿಯಲಿ, ದಲ್ಲಾಳಿಯ ಪಾಲು ಇಳಿಯಲಿ, ಮಳಿಗೆ ಬಾಡಿಗೆ ಇಳಿಯಲಿ. ಕೂಲಿಯ ಪಾಲಿಗೆ ಕೈ ಹಾಕುವುದು ಕಟ್ಟಕಡೆಗೆ.

ಮಾರುವವರೂ ಒಂದು ಹೆಜ್ಜೆ ಮುಂದಿಡಬೇಕು. ಮನೆಯಲ್ಲಿ ತಿಂಡಿ ಮಾಡಿ ಮಾರುವ ಸಣ್ಣ ಉದ್ಯಮಕ್ಕೆ ಆಹಾರ ಸುರಕ್ಷತೆಯ 2011ರ ನಿಯಮಗಳಲ್ಲಿ, ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ವಹಿವಾಟಿದ್ದರೆ, ಸರಳ ನೋಂದಣಿಯ ದಾರಿಯನ್ನೇ ಇಟ್ಟರು. ಹೀಗೆ ಹೆಸರು ನೋಂದಾಯಿಸಿಕೊಂಡವಳು ತಾನು ವ್ಯಾಪಾರಿ ಎಂದು ಒಪ್ಪಿಕೊಂಡಂತೆ. ಆಮೇಲೆ ದರದ ಚೀಟಿಯಲ್ಲಿ ಬೆಣ್ಣೆ, ಬೆಲ್ಲ, ಗ್ಯಾಸಿನ ಜೊತೆಗೆ ಇನ್ನೊಂದು ಸಾಲು ಬರೆಯಲಿ: ಇಷ್ಟು ಗಂಟೆ, ಗಂಟೆಗೆ ಇಷ್ಟು. ಕೌದಿಯ ಮೂಲೆಗೂ ಅಂಥದೊಂದು ಚೀಟಿ ಹೊಲಿಯಲಿ. ಪಾಳಿಯ ಲೆಕ್ಕ ಬಲ್ಲ ಭದ್ರಾವತಿಯ ಗಿರಾಕಿಗೆ ಆ ಸಾಲನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಚೌಕಾಸಿ ಮಾಡಲೇಬೇಕೆಂದಿದ್ದರೆ ಯಾವ ಗಂಟೆಯನ್ನು ಕಡಿಯುತ್ತೀರಿ ಎಂದು ಅವಳು ಕೇಳಬಹುದು.